ಕಂಬಳಿಯೊಳಗಿಂದ ಬಂದ ಕೈ

ಸಾತವ್ವನ ಕಂಬಳಿಯ ಅಂಚಿಗೆ ಮೂರು ಬಿಳಿ ಗೆರೆಗಳಿದ್ದವು. ಎರಡು ಗೆರೆ ಈ ಬದಿಯಿಂದ ಆ ಬದಿಗೆ ಮುಟ್ಟಿದ್ದವು, ಮೂರನೆಯದು ಅರ್ಧಕ್ಕೇ ನಿಂತಿತ್ತು. ನೇಯುವಾಗ ಬಿಳಿ ಉಣ್ಣೆ ತೀರಿಹೋಯಿತು, ಹಿಂಡಿನಲ್ಲಿದ್ದ ಒಂದೇ ಒಂದು ಬಿಳಿ ಕುರಿಯನ್ನು ಆ ವರ್ಷ ತೋಳ ಹೊತ್ತೊಯ್ದಿತ್ತು ಎಂದು ಅವಳು ಹೇಳುತ್ತಿದ್ದಳು. ಕಂಬಳಿಯ ನಡುವೆ ಅಂಗೈಯಗಲದ ಒಂದು ಹೊಲಿಗೆ. ಅದನ್ನು ಕೇಳಿದರೆ, ‘ಒಲಿ ಕಿಡಿ ಸಿಡದು ಸುಟ್ಟಿದ್ದು’ ಅನ್ನುತ್ತಿದ್ದಳು. ಆ ಕಂಬಳಿಯೊಳಗೆ ತಮ್ಮ ಲಗಮಣ್ಣ ಬೆಳೆದ, ಅವನ ಮಕ್ಕಳು ಬೆಳೆದರು. ಈಗ ಅದು ತೇಪೆಯ ಮೇಲೆ ತೇಪೆ ಬಿದ್ದು, ಕಣ್ಣು ಹೋದ ಸಾತವ್ವನ ಹಗ್ಗದ ಹೊರಸಿನ ಮೇಲೆ ಬಂದು ನಿಂತಿತ್ತು.

ಲಗಮಣ್ಣನಿಗೂ ಈಗ ಮೊಮ್ಮಕ್ಕಳು. ಆದರೂ ಅವನಿಗೆ ತಾಯಿಯ ಮುಖ ಗೊತ್ತಿರಲಿಲ್ಲ. ತಾಯಿ ಬಾಳವ್ವ ತೀರಿಕೊಂಡಾಗ ಅವನಿನ್ನೂ ಹಸಿಗೂಸು, ಸಾತವ್ವ ಲಂಗ ಉಡುವ ಹುಡುಗಿ. ಅಂದಿನಿಂದ ಅವನನ್ನು ಎತ್ತಿದವಳು, ಉಣಿಸಿದವಳು, ಬೈದು ಬಡಿದು ಮನುಷ್ಯನನ್ನು ಮಾಡಿದವಳು ಸಾತವ್ವ. ಅವಳು ಮದುವೆ ಆಗಲಿಲ್ಲ. ನೋಡಲು ಬಂದವರು, ‘ಕೂಸಿನ ಸಂಗಾಟ ಬರ್ತೀಯೇನು?’ ಎಂದು ನಕ್ಕು ಎದ್ದುಹೋದರು. ಲಗಮಣ್ಣನ ಮಕ್ಕಳು ಅವಳನ್ನು ಅತ್ತೆ ಅನ್ನದೆ, ಅಪ್ಪನ ತಾಯಿಯನ್ನು ಕರೆಯುವ ಹಾಗೆ ಆಯಿ ಅಂತಲೇ ಕರೆದರು.

ಹುಡುಗನಾಗಿದ್ದಾಗ ಅವನು ದಿನಾ ಕೇಳುತ್ತಿದ್ದ, ‘ಅವ್ವ ಹೆಂಗಿದ್ಲಬೇ ಅಕ್ಕಾ?’ ಸಾತವ್ವ ಒಂದೇ ಕತೆ ಹೇಳುತ್ತಿದ್ದಳು. ಅದು ಗಲಗಲಿಗೆ ಹೊಳೆ ಬಂದ ವರ್ಷ. ಕೃಷ್ಣೆ ಎರಡೂ ದಂಡೆ ಬಿಟ್ಟು ಹೊಲಕ್ಕೆ ನುಗ್ಗಿದ್ದಳು. ಆ ನೀರಿನ ಫೋಟೋ ತೆಗೆಯಲು ಜಮಖಂಡಿಯಿಂದ ಒಬ್ಬ ಮೂರು ಕಾಲಿನ ಕ್ಯಾಮೆರಾ ಹೊತ್ತು ಬಂದಿದ್ದ. ಬಂದವನು ನೀರು ಸುತ್ತುವರಿದು, ತಿರುಗಿ ಹೋಗಲಾಗದೆ ಇವರ ಹಟ್ಟಿಯಲ್ಲೇ ಉಳಿದ. ಆಗ ಅಪ್ಪ ಮಾಳಪ್ಪ ಹಿಂದೆ ಕಂಬಳಿ ಕಟ್ಟಿ, ಬಾಳವ್ವನನ್ನು ಕೂರಿಸಿ, ಕೂಸನ್ನು ತೊಡೆಯ ಮೇಲೆ ಹಾಕಿ ಒಂದು ಫೋಟೋ ತೆಗೆಸಿದ. ‘ನಿನ್ನ ಮುಖಾ ನೋಡಿ ಅವ್ವ ನಕ್ಕಳಲೇ ತಮ್ಮಾ. ಹಲ್ಲು ಕಾಣೂ ಹಂಗ ನಕ್ಕಳು. ಆಮ್ಯಾಲೆ ಜ್ವರಾ ಬಂದು ಹೋದ್ಲು.’

‘ಆ ಫೋಟೋ ಎಲ್ಲಿ ಐತಿ?’

‘ಕೆಟ್ಟಿತಂತ. ಅಪ್ಪ ತರಾಕ ಹೋಗಲಿಲ್ಲ.’

ಇಷ್ಟೇ ಕತೆ. ಇಷ್ಟರಲ್ಲೇ ಲಗಮಣ್ಣ ಒಂದು ಆಯುಷ್ಯ ತೆಗೆದ. ತಾಯಿಯ ಮಣ್ಣು ಮಾಡಿದ ಜಾಗವೂ ಅವನಿಗೆ ಉಳಿಯಲಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಹಟ್ಟಿಯೊಂದಿಗೆ ಗೋರಿಯ ಕಲ್ಲೂ ಮುಳುಗಿತು. ಮಹಾಲಯ ಅಮಾವಾಸ್ಯೆಗೆ ಅವನು ಎಡೆಯನ್ನು ನೀರಿನ ದಂಡೆಗೆ ಒಯ್ದು, ಎತ್ತ ಕಡೆ ಇಡಬೇಕು ಎಂದು ಗೊತ್ತಾಗದೆ ಸುಮ್ಮನೆ ನೀರಿಗೆ ಬಿಟ್ಟು ಬರುತ್ತಿದ್ದ. ಮನಸ್ಸಿಗೆ ಬೇಸರವಾದ ದಿನ, ನನ್ನನ್ನು ನೋಡಿ ಒಬ್ಬಳು ನಕ್ಕಿದ್ದಳು ಎಂದು ನೆನೆಯುತ್ತಿದ್ದ. ಅದು ಒಂದು ಹಿಡಿ ಬೆಲ್ಲದ ಹಾಗೆ ಅವನ ಬಾಯಲ್ಲಿ ಕರಗದೆ ಉಳಿದಿತ್ತು.

ಬನಹಟ್ಟಿಗೆ ಕೊಟ್ಟ ಮಗಳು ಶೈಲಾ ಒಂದು ಮುಂಜಾನೆ ಹೇಳದೆ ಕೇಳದೆ ಸ್ಕೂಟಿ ಹೊಡೆದುಕೊಂಡು ಬಂದಳು. ಗಂಡನ ಮನೆಯಲ್ಲಿ ಪಾವರ್‌ಲೂಮು. ಹಗಲೆಲ್ಲ ಆ ಸಪ್ಪಳದಲ್ಲಿದ್ದು ಅವಳು ಎಲ್ಲಿ ಬಂದರೂ ಒದರಿಯೇ ಮಾತಾಡುತ್ತಿದ್ದಳು. ಅಂದು ಮಾತ್ರ ದನಿ ತಗ್ಗಿಸಿ ಅಪ್ಪನನ್ನು ಕುರಿದೊಡ್ಡಿಯ ಕಡೆ ಕರೆದಳು.

‘ಯಪ್ಪಾ, ಈ ಫೋಟೋ ಒಂದೀಟು ನೋಡು. ಜಮಖಂಡ್ಯಾಗ ಹಳೇ ಫೋಟೋ ಇಟ್ಟಾರಂತ. ಇದೊಂದು ಎಲ್ಲಾರ ಮೊಬೈಲಿಗೂ ಬಂದೈತಿ. ಮೂರನೇ ಕೈ, ಮೂರನೇ ಕೈ ಅಂತ ದೆವ್ವದ ಕತಿ ಕಟ್ಟ್ಯಾರ.’

ಲಗಮಣ್ಣ ಮೊಬೈಲನ್ನು ದೂರ ಹಿಡಿದ, ಹತ್ತಿರ ಹಿಡಿದ. ‘ನನಗೇನ ಕಾಣತೈತಿ ಇದರಾಗ? ಕರ್ರಗ ಐತಿ.’

‘ನನಗೂ ಮೊದ್ಲ ನಗಿ ಬಂತು. ಆಮ್ಯಾಲೆ ಹಿಂದಿನ ಕಂಬಳಿ ನೋಡಿದೆ. ಅಂಚಿಗೆ ಮೂರು ಗೆರಿ ಅದಾವ ಯಪ್ಪಾ. ಮೂರನೇದು ಅರ್ಧಕ್ಕ ನಿಂತೈತಿ.’ ಅವಳ ದನಿ ಸಣ್ಣದಾಯಿತು. ‘ಸಣ್ಣಾಕಿದ್ದಾಗ ಆ ಗೆರಿ ಮ್ಯಾಲೆ ಬಟ್ಟಾಡಿಸಿಕೋತ ಮಲಗಿದಾಕಿ ನಾ. ನನಗ ಗುರ್ತು ಸಿಗಂಗಿಲ್ಲೇನು?’

ಲಗಮಣ್ಣನ ಕಂಕುಳಲ್ಲಿದ್ದ ಸೊಪ್ಪಿನ ಹೊರೆ ಅಲ್ಲೇ ಬಿತ್ತು. ಕುರಿಮರಿಗಳು ಮುತ್ತಿಕೊಂಡವು. ಅವನು ನೇರವಾಗಿ ಒಳಗೆ ಹೋಗಿ ಅಕ್ಕನ ಹೊರಸಿನ ಮುಂದೆ ನಿಂತ.

‘ಅಕ್ಕಾ, ಅವ್ವನ ಫೋಟೋ ಸಿಕ್ಕೈತಂತ. ಜಮಖಂಡ್ಯಾಗ ಐತಂತ.’

‘ಹೋಗಬ್ಯಾಡ’ ಅಂದಳು ಸಾತವ್ವ.

‘ಯಾಕಬೇ?’

‘ಕೆಟ್ಟ ಫೋಟೋ ಅದು. ಅಪ್ಪ ಹೇಳ್ಯಾನ. ಕೆಟ್ಟಿದ್ದನ್ನ ನೋಡಿ ಏನ ಮಾಡ್ತಿ?’

‘ಕೆಟ್ಟಿದ್ರ ಕೆಡವಲ್ಲದ್ಯಾಕ. ನಕ್ಕಿದ್ದು ಒಂದೀಟು ಕಂಡ್ರ ಸಾಕು ನನಗ.’

ಅವಳು ಕಂಬಳಿಯ ತುದಿಯನ್ನು ಮುದುಡಿ ಮುದುಡಿ ಮುಷ್ಟಿಯೊಳಗೆ ಹಿಡಿದುಕೊಂಡಳು. ಅವಳ ಬಲಗೈಯ ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಹಟ್ಟಿಯ ನಾಯಿ ಕಚ್ಚಿ ಮುರಿದಿತ್ತು, ಹಾಗೇ ಹೊರಗೆ ಬಾಗಿ ಕೂಡಿಕೊಂಡಿತ್ತು. ಲಗಮಣ್ಣನಿಗೆ ತುತ್ತು ಇಡುವಾಗ ಆ ಬೆರಳು ಯಾವಾಗಲೂ ಅವನ ಗಲ್ಲಕ್ಕೆ ತಾಗುತ್ತಿತ್ತು.

ಶೈಲಾಳ ಸ್ಕೂಟಿಯ ಹಿಂದೆ ಕುಳಿತು ಅವನು ಜಮಖಂಡಿಗೆ ಹೊರಟ. ತಲೆಗೆ ಹೊಸ ಪಟಕಾ ಸುತ್ತಿದ್ದ, ಹಣೆಗೆ ಬೀರಪ್ಪ ದೇವರ ಅರಿಸಿನದ ಭಂಡಾರ ಇಟ್ಟಿದ್ದ. ದಾರಿಯ ಉದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು, ಒಂದೊಂದರ ಮೇಲೂ ಹಾಡಿನ ಅಬ್ಬರ. ಒಂದನ್ನು ದಾಟಿ ಮುಂದೆ ಹೋಗುವಾಗ ಶೈಲಾ ಕೇಳಿದಳು, ‘ಯಪ್ಪಾ, ಹೆದರಿಕಿ ಬರಾಕತ್ತೈತೇನು?’

‘ಮಾರಿ ನೋಡಿದ ಕೂಡಲೇ ಗುರ್ತು ಸಿಗತೈತೇನಬೇ? ಅದು ಹೆದರಿಕಿ ನನಗ. ತಾಯಿ ಮುಂದ ನಿಂತು ಯಾರೀಕಿ ಅನ್ನೂ ಹಂಗ ಆಗಬಾರದು.’

ಫೋಟೋ ಇಟ್ಟ ಸಭಾಂಗಣ ಪೇಟೆಯ ಒಳಗೆ ಇತ್ತು. ಗೋಡೆಯ ತುಂಬ ಹಳೆಯ ಕಾಲ. ತೆಪ್ಪದ ಮೇಲೆ ಎತ್ತು ದಾಟಿಸುವವರು, ಮಾಳಿಗೆಯ ಮೇಲೆ ಕೋಳಿ ಹಿಡಿದು ಕುಳಿತ ಮುದುಕಿ, ಅರ್ಧ ಮುಳುಗಿದ ಗುಡಿ, ಮಗ್ಗದ ಮುಂದೆ ಸಾಲಾಗಿ ನಿಂತ ರಬಕವಿಯ ನೇಕಾರರು, ಮುಧೋಳದ ಬೇಟೆನಾಯಿಗಳನ್ನು ಹಗ್ಗದಲ್ಲಿ ಹಿಡಿದು ಎದೆ ಸೆಟೆಸಿದ ಇಬ್ಬರು. ಯಾವುದರ ಮುಂದೆಯೂ ಜನ ಇರಲಿಲ್ಲ. ಎಲ್ಲ ಒಂದೇ ಮೂಲೆಗೆ ಮುತ್ತಿದ್ದರು.

‘ಏ ಸರೀಲೇ, ದೆವ್ವ ಕೈ ಕೊಡಾಕತ್ತೈತಿ, ನೀನೂ ಕೊಡು!’ ಎಂದು ಒಬ್ಬ ಗೆಳೆಯನನ್ನು ಮುಂದೆ ನೂಕಿ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

‘ದೆವ್ವ ಅಲ್ಲಬಿಡ್ರಿ, ನಮ್ಮ ಅತ್ತಿ ಕೈ ಇರಬೇಕದು. ಎಲ್ಲಿ ಹೋದ್ರೂ ಹಿಂದಿಂದ ಬರ್ತೈತಿ’ ಎಂದು ಒಬ್ಬ ಹೆಣ್ಣುಮಗಳು ಅಂದಳು. ಸುತ್ತಲಿನವರು ಘೊಳ್ಳೆಂದು ನಕ್ಕರು.

ಫೋಟೋ ಇಟ್ಟವನು ವಿಜಯ. ಅವನ ಅಜ್ಜ ಗುರುಪಾದನೇ ಆ ಹೊಳೆ ಬಂದ ವರ್ಷ ಕ್ಯಾಮೆರಾ ಹೊತ್ತು ಹೋದವನು. ಅಜ್ಜನ ಟ್ರಂಕಿನಲ್ಲಿ ಗಾಜಿನ ಪ್ಲೇಟುಗಳು ಸಿಕ್ಕವು, ಅವನ್ನು ತೊಳೆದು ದೊಡ್ಡದು ಮಾಡಿಸಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ‘ದೆವ್ವಗಿವ್ವ ಏನಿಲ್ರಿ. ನಮ್ಮ ಅಜ್ಜ ತಪ್ಪಿ ಒಂದ ಪ್ಲೇಟಿನ ಮ್ಯಾಲೆ ಎರಡು ಸಲ ಹೊಡದಿರಬೇಕು, ಬ್ಯಾರೆ ಯಾರದೋ ಕೈ ಕೂಡೈತಿ. ಆದ್ರ ಜನಕ್ಕ ದೆವ್ವಾನ ಬೇಕು, ನಾ ಏನ ಮಾಡ್ಲಿ?’

ಶೈಲಾ ಮಂದಿಯನ್ನು ಸರಿಸಿ ಅಪ್ಪನಿಗೆ ದಾರಿ ಮಾಡಿದಳು. ಫೋಟೋದ ಕೆಳಗಿನ ಅಕ್ಷರ ಓದಿ ಹೇಳಿದಳು, ‘ತಾಯಿ ಮತ್ತು ಮಗು, ಗಲಗಲಿ ಹೊಳೆದಂಡೆ.’ ಅದರ ಕೆಳಗೆ ಕೆಂಪು ಕಾಗದದ ಮೇಲೆ ದಪ್ಪಗೆ ಬರೆದದ್ದನ್ನೂ ಓದಿದಳು, ‘ಮೂರನೇ ಕೈ ಯಾರದು?’

ಲಗಮಣ್ಣ ತಲೆ ಎತ್ತಿದ.

ಮೊದಲು ಅವನಿಗೆ ಕಂಡದ್ದು ಕಂಬಳಿ. ಎರಡು ಕೋಲಿಗೆ ಕಟ್ಟಿ ಇಳಿಬಿಟ್ಟ ಕರಿ ಕಂಬಳಿ, ಅಂಚಿಗೆ ಅರ್ಧಕ್ಕೆ ನಿಂತ ಗೆರೆ. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಎಳೆ ಹರೆಯದ ಹೆಣ್ಣು. ತಲೆಯ ಮೇಲೆ ಸೆರಗು, ಹಣೆ ತುಂಬ ಭಂಡಾರ. ತೊಡೆಯ ಮೇಲೆ ಪಟಕಾದ ತುಂಡಿನಲ್ಲಿ ಸುತ್ತಿದ ಮುಷ್ಟಿಯಷ್ಟು ಕೂಸು. ಗುರ್ತು ಸಿಗುವುದಿಲ್ಲವೆಂದು ಅವನು ಹೆದರಿದ್ದು ಸುಳ್ಳಾಯಿತು. ಅವಳು ಶೈಲಾಳ ಹಾಗೇ ಇದ್ದಳು. ಅದೇ ಗದ್ದ, ಅದೇ ಅಗಲ ಹಣೆ. ಮಗಳ ಮದುವೆಯ ದಿನ ಅವಳನ್ನು ಹೀಗೇ ಕೂರಿಸಿ ನೋಡಿದ್ದ.

‘ಯವ್ವಾ’ ಅಂದ. ಜೀವನದಲ್ಲಿ ಆ ಮಾತನ್ನು ಅವನು ಮುಂದೆ ಒಂದು ಮುಖವಿಟ್ಟುಕೊಂಡು ಅಂದದ್ದು ಅದೇ ಮೊದಲು.

ಆಮೇಲೆ ನಗು ಹುಡುಕಿದ. ತುಟಿ ಸ್ವಲ್ಪ ತೆರೆದಿತ್ತು. ಹಲ್ಲು ಕಂಡೂ ಕಾಣದ ಹಾಗಿತ್ತು. ಇದೇ ಇರಬೇಕು ಅಂದುಕೊಂಡ. ಕಣ್ಣು ಅರ್ಧ ಮುಚ್ಚಿತ್ತು. ರೆಪ್ಪೆ ಬಡಿದಿರಬೇಕು ಅಂದುಕೊಂಡ. ಕುರಿ ಕಾಯುವವನಿಗೆ ಅವಸರ ಗೊತ್ತಿಲ್ಲ. ಅವನು ನಿಂತೇ ಇದ್ದ. ಕೂಸನ್ನು ಅವಳು ಹೇಗೆ ಹಿಡಿದಿದ್ದಾಳೆ ನೋಡೋಣ ಎಂದು ಕೈಗೆ ಇಳಿದ.

ಅವಳು ಕೂಸನ್ನು ಹಿಡಿದಿರಲಿಲ್ಲ.

ಎರಡೂ ಕೈ ತೊಡೆಯ ಆಚೆ ಈಚೆ ಬಿದ್ದಿದ್ದವು, ಅಂಗೈ ಮೇಲಾಗಿ. ಕೂಸು ಜಾರುವ ಹಾಗೆ ವಾಲಿತ್ತು, ಆದರೂ ಆ ಕೈ ಏಳಲಿಲ್ಲ. ತೊಡೆಯ ಮೇಲೆ ಕೂಸು ಇದ್ದಾಗ ಯಾವ ತಾಯಿಯ ಅಂಗೈಯೂ ಮುಗಿಲು ನೋಡುವುದಿಲ್ಲ.

ಲಗಮಣ್ಣನ ಮಂದಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಗೂಟ ಹೊಡೆದು, ತಲೆ ವಾಲದ ಹಾಗೆ ಒಂದು ಅರಿವೆಯಿಂದ ಕಟ್ಟಿ, ಭಂಡಾರ ಹಚ್ಚಿ, ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ. ಹಡೆದವಳು ಸತ್ತರೆ ಕೂಸನ್ನು ಒಮ್ಮೆ ಅವಳ ತೊಡೆಯ ಮೇಲೆ ಹಾಕುತ್ತಾರೆ. ಆಮೇಲೆ ಇನ್ನೊಬ್ಬಳು ಮುಂದೆ ಬಂದು, ‘ನಿನ್ನ ಕೂಸು ನನಗ ಕೊಡವ್ವಾ’ ಎಂದು ಸೆರಗೊಡ್ಡಿ ಬೇಡಿ ಎತ್ತಿಕೊಳ್ಳಬೇಕು. ಹಾಗೆ ಬೇಡಿ ಎತ್ತಿಕೊಂಡವಳೇ ಮುಂದೆ ಅದರ ತಾಯಿ. ಬೇಡದೆ ಎತ್ತಿದರೆ ಸತ್ತವಳು ಕೂಸಿಗಾಗಿ ತಿರುಗಿ ಬರುತ್ತಾಳೆ ಎಂದು ನಂಬಿಕೆ. ಇದೆಲ್ಲ ಅವನು ಬೇರೆಯವರ ಮನೆಯಲ್ಲಿ ಕಣ್ಣಾರೆ ಕಂಡಿದ್ದ. ತನ್ನ ಮನೆಯಲ್ಲಿ ಆದದ್ದನ್ನು ಇಲ್ಲಿ ಬಂದು, ಇಷ್ಟು ಮಂದಿಯ ನಡುವೆ ನೋಡಬೇಕಾಯಿತು.

ಆದರೆ ಇದು ಬಯಲು. ಗುಡಿಸಲೊಳಗೆ ಫೋಟೋಕ್ಕೆ ಬೆಳಕು ಸಾಲದೆ ಹೊರಗೆ ತಂದು ಕೂರಿಸಿರಬೇಕು. ಇಲ್ಲಿ ಗೋಡೆಯೂ ಇಲ್ಲ, ಗೂಟವೂ ಇಲ್ಲ. ತಲೆ ನೆಟ್ಟಗೆ ನಿಂತಿತ್ತು, ಯಾಕೆಂದರೆ ಅವಳ ಕುತ್ತಿಗೆಯ ಹಿಂದೆ ಕಂಬಳಿಯ ನಡುವೆ ಒಂದು ಸೀಳಿತ್ತು, ಆ ಸೀಳಿನೊಳಗಿಂದ ಒಂದು ಕೈ ಬಂದು ಕುತ್ತಿಗೆಯನ್ನೂ ಗದ್ದದ ಅಡಿಯನ್ನೂ ಹಿಡಿದಿತ್ತು. ಸಣ್ಣ ಕೈ, ಮಕ್ಕಳ ಕೈ. ನಾಲ್ಕು ಬೆರಳು ಸೆರಗಿನ ಮೇಲೆ ಬಿಗಿಯಾಗಿ ಊರಿದ್ದವು. ಕಿರುಬೆರಳು ಮಾತ್ರ ಸೊಟ್ಟಗೆ ಹೊರಗೆ ಬಾಗಿತ್ತು.

ಅಕ್ಕ ಒಲೆಯ ಕಿಡಿ ಅಂದಿದ್ದಳು. ಕಿಡಿಗೆ ಸುಟ್ಟ ಉಣ್ಣೆ ಮಣಿಮಣಿ ಗಂಟು ಕಟ್ಟುತ್ತದೆ. ಇದು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ನೇರವಾಗಿ ಕೊಯ್ದ ಸೀಳು. ಜೀವಮಾನವೆಲ್ಲ ಅದೇ ಕಂಬಳಿ ಹೊದ್ದು ಮಲಗಿ ಅವನು ಆ ಹೊಲಿಗೆಯನ್ನು ಬಿಚ್ಚಿ ನೋಡಿರಲಿಲ್ಲ. ಯಾರು ನೋಡುತ್ತಾರೆ? ಕಂಬಳಿಯ ಮೇಲೆ ಉಣ್ಣುತ್ತ ಕೂದಲು ಹುಡುಕಬಾರದು ಅನ್ನುತ್ತಾರೆ ಹಿರಿಯರು.

ಬೆನ್ನ ಹಿಂದೆ ಮತ್ತೊಬ್ಬ ಬಂದ. ‘ಸರೀರಿ ಅಜ್ಜಾರ, ದೆವ್ವದ ಕೂಡ ಒಂದು ಸೆಲ್ಫಿ ತಗೋತೀನಿ.’

ಲಗಮಣ್ಣ ಸರಿಯಲಿಲ್ಲ. ವಿಜಯನ ಕಡೆ ತಿರುಗಿ ಕೈ ಮುಗಿದ. ‘ತಮ್ಮಾ, ಆ ಕೆಂಪು ಚೀಟಿ ತಗೀತಿಯೇನಪಾ?’

‘ಯಾಕ್ರೀ ಅಜ್ಜಾ?’

‘ಅದು ನಮ್ಮ ಅಕ್ಕನ ಕೈ. ಆಕಿ ಇನ್ನೂ ಅದಾಳಪಾ, ಗಲಗಲ್ಯಾಗ. ಮುಂಜಾನಿ ಚಾ ಕುಡದು ಕುಂತಿದ್ಲು, ನಾ ಬರೂಮುಂದ.’

ನಕ್ಕವರು ನಗು ನುಂಗಿದರು. ಸೆಲ್ಫಿಯವನು ಮೊಬೈಲು ಕಿಸೆಗೆ ಇಳಿಬಿಟ್ಟ. ವಿಜಯ ಒಮ್ಮೆ ಮುದುಕನನ್ನು ನೋಡಿದ, ಒಮ್ಮೆ ಪಕ್ಕದಲ್ಲಿದ್ದ ಶೈಲಾಳ ಮುಖ ನೋಡಿದ, ಆಮೇಲೆ ಫೋಟೋದೊಳಗಿನ ಮುಖ ನೋಡಿದ. ಕೆಂಪು ಕಾಗದದ ತುದಿಗೆ ಉಗುರು ಹಾಕಿ ಮೆಲ್ಲಗೆ ಕಿತ್ತು ಮಡಿಚಿಕೊಂಡ. ಒಳಗೆ ಹೋಗಿ, ಅದೇ ಫೋಟೋದ ಸಣ್ಣ ಪ್ರತಿಯೊಂದನ್ನು ತಂದು ಎರಡೂ ಕೈಯಿಂದ ಕೊಟ್ಟ.

‘ನಮ್ಮ ಅಜ್ಜ ಇದರ ಪ್ಲೇಟ ಬ್ಯಾರೆ ಡಬ್ಬ್ಯಾಗ ಇಟ್ಟಿದ್ರಿ, ಅರಿವ್ಯಾಗ ಸುತ್ತಿ. ಯಾರರ ಬರ್ತಾರಂತ ಕಾಯ್ದಿರಬೇಕು’ ಅಂದ.

ಹಿಂದಿರುಗುವಾಗ ಶೈಲಾ ಊರ ಹೊರಗೆ ಬೇವಿನ ಗಿಡದ ಕೆಳಗೆ ಸ್ಕೂಟಿ ನಿಲ್ಲಿಸಿ ಅತ್ತಳು. ಅವಳಿಗೂ ತಿಳಿದಿತ್ತು. ಲಗಮಣ್ಣ ಅಳಲಿಲ್ಲ. ಫೋಟೋವನ್ನು ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದು ರಸ್ತೆ ನೋಡುತ್ತ ನಿಂತ.

‘ಜ್ವರಾ ಬಂದು ಹೋದ್ಲು ಅಂತಿದ್ಲಲ್ಲ ಆಯಿ’ ಅಂದಳು ಶೈಲಾ.

‘ಜ್ವರಾ ಎಲ್ಲಿದಬೇ. ನನ್ನ ಹಡದ ದಿನಾನ ಹೋಗ್ಯಾಳ. ಕೂಸು ನೋಡಿದಿಲ್ಲ? ಇನ್ನೂ ಮೈ ತೊಳದಿಲ್ಲ ಅದರದು. ಹೊಳಿ ಬಂದಿತ್ತು, ಸೂಲಗಿತ್ತಿ ದಾಟಿ ಬಂದಿರಂಗಿಲ್ಲ.’ ಅಂಗಿಯೊಳಗಿನ ಫೋಟೋ ಮುಟ್ಟಿ, ‘ನನ್ನ ಮಾರಿ ನೋಡ್ಯಾಳೋ ಇಲ್ಲೋ, ಅದೂ ಗೊತ್ತಿಲ್ಲ’ ಅಂದ.

‘ಆಯಿಗೆ ಏನ ಹೇಳ್ತಿ?’

‘ನಕ್ಕಾಳ ಅಂತೀನಿ. ಆಕಿ ಇಷ್ಟು ವರ್ಷ ನನಗ ಅವ್ವನ್ನ ನಗಿಸಿ ತೋರಿಸ್ಯಾಳ. ಈಗ ಆಕಿಗೆ ಕಣ್ಣಿಲ್ಲ, ನಾ ತೋರಸ್ತೀನಿ. ನೀನೂ ಬಾಯಿ ಬಿಡಬ್ಯಾಡ.’

ಅವರು ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಮಗ ಶಿವಪುತ್ರ ಕುರಿ ಹೊಡೆದುಕೊಂಡು ಬಂದಿದ್ದ. ದೊಡ್ಡಿಯಲ್ಲಿ ಮರಿಗಳು ತಾಯಿಯನ್ನು ಹುಡುಕಿ ಒದರುತ್ತಿದ್ದವು. ಸಾತವ್ವ ಹೊರಸಿನ ಮೇಲೆ ಬೆಳಿಗ್ಗೆ ಕುಳಿತ ಹಾಗೇ ಕುಳಿತಿದ್ದಳು. ಸೊಸೆ ಇಟ್ಟ ರೊಟ್ಟಿ ತಾಟಿನಲ್ಲಿ ಹಾಗೇ ಒಣಗಿತ್ತು.

ಲಗಮಣ್ಣ ಅವಳ ಕಾಲ ಬಳಿ ನೆಲಕ್ಕೆ ಕುಳಿತ. ಅವನ ಬೆವರಿನ ವಾಸನೆಯಿಂದಲೇ ಅವಳಿಗೆ ತಿಳಿಯಿತು.

‘ನೋಡಿದಿ?’

‘ನೋಡಿದೆ.’

‘ನಕ್ಕಾಳ?’

‘ಹ್ಞೂಂ, ನಕ್ಕಾಳ. ನೀ ಹೇಳಿದ ಹಂಗ. ಹಲ್ಲು ಕಾಣತಾವ.’

‘ಕಣ್ಣು?’

‘ನನ್ನ ಕಡೆ ಅದಾವ. ನನ್ನ ಎದಿಗೆ ಅವಚಿಕೊಂಡಾಳ.’

ಸಾತವ್ವ ತಲೆ ಅಲ್ಲಾಡಿಸಿದಳು. ಬೆರಳು ಕಂಬಳಿಯ ಹೊಲಿಗೆಯ ಮೇಲೆ ಆಡುತ್ತಿತ್ತು. ‘ಮತ್ತೇನ ಐತಿ ಅದರಾಗ?’

‘ಮತ್ತೇನಿಲ್ಲ ಅಕ್ಕಾ. ಅವ್ವ, ತೊಡಿ ಮ್ಯಾಲೆ ನಾ, ಹಿಂದ ಕಂಬಳಿ.’

‘ಅಷ್ಟ?’

‘ಅಷ್ಟ.’

ಬಾಗಿಲಲ್ಲಿ ನಿಂತ ಶೈಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡ ಲಗಮಣ್ಣ. ಕೈಕಾಲು ತೊಳೆಯಲು ಏಳಬೇಕು ಅನ್ನುವಷ್ಟರಲ್ಲಿ ಸಾತವ್ವ ಕೇಳಿದಳು. ದನಿ ಮುದುಕಿಯದಾಗಿರಲಿಲ್ಲ. ಸಂತೆಯಲ್ಲಿ ಕೈ ಬಿಟ್ಟುಹೋದ ಹುಡುಗಿಯ ದನಿಯಾಗಿತ್ತು.

‘ನಾ ಎಲ್ಲೂ ಇಲ್ಲೇನಲೇ?’

ಇಲ್ಲ ಅಂದರೆ ಅವ್ವ ನಕ್ಕದ್ದು ಉಳಿಯುತ್ತದೆ. ಅಕ್ಕ ಕೊಟ್ಟದ್ದು ಹಾಗೇ ಉಳಿಯುತ್ತದೆ. ಆದರೆ ಆ ಕಂಬಳಿಯ ಹಿಂದಿನ ಹುಡುಗಿಯನ್ನು ಅವನೇ ತನ್ನ ಕೈಯಿಂದ ಅಳಿಸಿದ ಹಾಗೆ. ಊರೆಲ್ಲ ಅವಳನ್ನು ದೆವ್ವ ಅಂದಿತ್ತು. ಅವನೂ ಇಲ್ಲ ಅನ್ನಬೇಕೆ?

ಅವಳ ಕೈ ಹಿಡಿದುಕೊಂಡ. ಸೊಟ್ಟ ಬೆರಳು ಅವನ ಅಂಗೈಯೊಳಗೆ ಬಂತು.

‘ಅದಿ ಅಕ್ಕಾ. ಅವ್ವನ ಬೆನ್ನಿಗೆ ಅದಿ. ನಿನ್ನ ಕೈ ಕಾಣತೈತಿ.’

ದೊಡ್ಡಿಯಲ್ಲಿ ಮರಿಗಳಿಗೆ ತಾಯಿ ಸಿಕ್ಕಿ ಸದ್ದು ಅಡಗಿತ್ತು. ಅವನಿಗೆ ಎಲ್ಲ ತಿಳಿದಿದೆ ಎಂದು ಸಾತವ್ವನಿಗೆ ತಿಳಿಯಿತು.

‘ಭಾರ ಇತ್ತಲೇ ತಮ್ಮಾ’ ಅಂದಳು. ‘ಅವ್ವನ ತಲಿ ಭಾಳ ಭಾರ ಇತ್ತು.’

ಲಗಮಣ್ಣ ಹಣೆಯನ್ನು ಹೊರಸಿನ ಹಗ್ಗಕ್ಕೆ ಒತ್ತಿದ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

‘ಸಾವಳಗ್ಯಾಗಿದ್ದ ಅವ್ವನ ತಾಯಿಗೆ ಮಗಳ ಮಾರಿ ತೋರಸಬೇಕಂತ ಅಪ್ಪಂದು’ ಎಂದು ಅವಳು ನಿಧಾನವಾಗಿ ಹೇಳಿದಳು. ‘ನೀರು ಇಳಿದು ಆಕಿ ಬರೂತನಕ ಮಣ್ಣು ತಡಿಯಂಗಿರಲಿಲ್ಲ. ಹಗ್ಗ ಕಟ್ಟಿದ್ರ ಕಾಣತೈತಿ ಅಂದ ಫೋಟೋದವ. ಅಪ್ಪ ಕಂಬಳಿ ಕೊಯ್ದ, ಸಾತೀ ಇದರಾಗ ಕೈ ಹಾಕಬೇ ಅಂದ. ಹಾಕಿದೆ. ಉಸಿರು ಬಿಡಬ್ಯಾಡ ಅಂದ್ರು. ಕುತಿಗಿ ತಣ್ಣಗ ಹೊಳಿ ಕಲ್ಲಿನಂಗಿತ್ತು. ಈ ಕಡೆ ನನಗೇನೂ ಕಾಣವಲ್ಲದು, ಕಂಬಳಿ ಕತ್ತಲಿ. ನೀ ಆ ಕಡೆ ಅಳೂದು ಕೇಳಸ್ತಿತ್ತು.’

‘ಆಮ್ಯಾಲೆ?’

‘ಆಮ್ಯಾಲೇನು. ನಿನ್ನ ಬೇಡಿಕೊಳ್ಳಾಕ ಯಾರೂ ಬರಲಿಲ್ಲ. ನೀರಾಗ ಎಲ್ಲಾರದೂ ಹೋಗಿತ್ತು. ಯಾರ ಸಾಕತಾರ? ನಾನ ಕಂಬಳಿ ಹಿಂದಿಂದ ಬಂದು ಅವ್ವನ ಮುಂದ ಲಂಗ ಒಡ್ಡಿದೆ. ಸೆರಗು ಇರಲಿಲ್ಲ ನನಗ.’

ಶೈಲಾ ಬಂದು ಆಯಿಯ ಬೆನ್ನಿಗೆ ಒರಗಿ ಕುಳಿತಳು.

‘ನಕ್ಕಳು ಅಂತ ಯಾಕ ಹೇಳಿದಿ ಅಕ್ಕಾ?’

‘ನೀ ದಿನಾ ಕೇಳತಿದ್ದಿ. ತಾಯಿ ನಗಲಾರದ ಕೂಸು ಹೆಂಗ ಬೆಳೀತೈತಿ? ಅದಕ್ಕ ನಾ ನಗಿಸಿದೆ ಆಕೀನ.’

ಲಗಮಣ್ಣ ಅಂಗಿಯೊಳಗಿಂದ ಫೋಟೋ ತೆಗೆದು ಅವಳ ಮಡಿಲಲ್ಲಿ ಇಟ್ಟ. ಅವಳು ಅಂಗೈಯಿಂದ ಕಾಗದವನ್ನು ಸವರಿದಳು. ನುಣುಪು ಬಿಟ್ಟು ಅಲ್ಲಿ ಕೈಗೆ ಏನೂ ಸಿಗಲಿಲ್ಲ. ಸವರುತ್ತ ಸವರುತ್ತ, ಯಾರನ್ನೂ ಎಂದೂ ಕೇಳದೆ ಇಟ್ಟುಕೊಂಡಿದ್ದ ಒಂದು ಮಾತನ್ನು ಕೇಳಿದಳು.

‘ಅಪ್ಪ ಕೆಟ್ಟೈತಿ ಅಂದಾಗೆಲ್ಲಾ ನಾ ನನ್ನ ಕೈನ ಅಲಗಾಡಿರಬೇಕು ಅಂದ್ಕೊಂಡೆ. ಕಡೀಕ ಒಂದೀಟು ತೋಳು ಸೋತಿತ್ತಲೇ. ನನ್ನಿಂದ ಕೆಟ್ಟಿತೋ ಏನೋ, ನಿನಗ ಅವ್ವನ ಮಾರಿ ಇಲ್ಲದಂಗ ಆತೋ ಏನೋ ಅಂತ… ಖರೆ ಹೇಳು. ಅಲಗಾಡೈತೇನು?’

ಲಗಮಣ್ಣ ಫೋಟೋದೊಳಗಿನ ಆ ಸಣ್ಣ ಕೈಯನ್ನು ಮತ್ತೊಮ್ಮೆ ನೋಡಿದ. ಅಳುವ ಕೂಸಿನ ಮುಖ ಮಸುಕಾಗಿತ್ತು. ಗಾಳಿಗೆ ಸೆರಗಿನ ತುದಿ ಮಸುಕಾಗಿತ್ತು. ಸತ್ತವಳ ಮುಖ, ಅದರ ಕೆಳಗೆ ಬಿಗಿಯಾಗಿ ಊರಿದ ಬೆರಳು, ಬೆರಳಿನ ಉಗುರು ಸಹಿತ ಕಲ್ಲಿನಲ್ಲಿ ಕೆತ್ತಿದ ಹಾಗೆ ಇದ್ದವು.

‘ಇಲ್ಲ ಅಕ್ಕಾ’ ಅಂದ. ‘ಚೂರೂ ಅಲಗಾಡಿಲ್ಲ.’